ಹಸಿರು ಖಣ ಹೊದ್ದ ಲ್ಯಾಟಿನ್ ಬುಟ್ಟಿ

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೇನಲ್ಲ, ಎಲ್ಲರ ಕೈಗೂ ಮೊಬೈಲು ಬಂದ ಮೇಲಿನ ಕಾಲದಲ್ಲೇ, ಸಿಂಧನೂರೆಂಬ ಪಟ್ಟಣದಲ್ಲಿ ಶೇಖರಮ್ಮ ಎಂಬ ರಾಣಿ ಇದ್ದಳು. ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯೇ ಅವಳ ರಾಜ್ಯ. ಒಲೆಯ ಮುಂದಿನ ಮಣೆಯೇ ಸಿಂಹಾಸನ, ಸೌಟೇ ರಾಜದಂಡ. ಅವಳಿಗೊಬ್ಬ ಮಗ, ಸಂಗನಬಸವ. ಅಜ್ಜಿ ಕತೆಗಳ ರಾಜಕುಮಾರರು ರಾಜ್ಯ ಬೇಕೆಂದು ಕುದುರೆ ಏರುತ್ತಾರೆ. ಈ ರಾಜಕುಮಾರ ರಾಜ್ಯ ಬೇಡವೆಂದು ಬಸ್ಸು ಏರಲು ಕಾಯುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ಒಂದು ಕರಿಹಲಗೆ, ಒಂದು ತುಂಡು ಸುಣ್ಣದ ಕಡ್ಡಿ, ಮುಂದೆ ಕೂತು ಕೇಳುವ ಮಕ್ಕಳು. ಬಿ.ಎ. ಮುಗಿಸಿ, ಬಿ.ಎಡ್. ಮುಗಿಸಿ, ಅವನು ಮಾತ್ರ ಮುಗಿಯದ ಗಿರಾಕಿಗಳಿಗೆ ಸಾರು ಬಡಿಸುತ್ತಿದ್ದ. ಅವ್ವನಿಗೆ ಮೊಣಕೈ ನೋವು ಬಂದ ಬೇಸಿಗೆಯಲ್ಲಿ ರೊಟ್ಟಿ ಬಡಿಯುವುದನ್ನೂ ಕಲಿತಿದ್ದ. ಅವನ ರೊಟ್ಟಿ ಹುಣ್ಣಿಮೆಯ ಚಂದ್ರನಷ್ಟು ದುಂಡಗೆ, ಅವ್ವನ ರೊಟ್ಟಿಗಿಂತ ತೆಳ್ಳಗೆ ಆಗುತ್ತಿತ್ತು. ಈ ಗುಟ್ಟನ್ನು ಅವನು, ರಾಕ್ಷಸ ತನ್ನ ಪ್ರಾಣವನ್ನು ಗಿಳಿಯೊಳಗೆ ಬಚ್ಚಿಟ್ಟ ಹಾಗೆ, ಹೊರಗಿನವರಿಗೆ ತಿಳಿಯದಂತೆ ಇಟ್ಟಿದ್ದ.

ಹಂಚಿನ ಮುಂದೆ ನಿಂತು ಬೇಸರ ಕಳೆಯಲು ಫೋನಿನಲ್ಲಿ ಇಂಗ್ಲಿಷ್ ಪಾಠ ಕೇಳುತ್ತಿದ್ದವನಿಗೆ ಒಂದು ಗೀಳು ಹತ್ತಿತು. ಇಂಗ್ಲಿಷಿನ ಎಷ್ಟೋ ಪದಗಳ ಬೇರು ಲ್ಯಾಟಿನ್ ಭಾಷೆಯಲ್ಲಿದೆ, ಆ ಬೇರುಗಳಲ್ಲಿ ಎಷ್ಟೋ ಅಡುಗೆಮನೆಯಲ್ಲಿಯೇ ಸಿಗುತ್ತವೆ! ಸಾಲ್ ಎಂದರೆ ಉಪ್ಪು. ಅದರಿಂದಲೇ ಸಾಸು, ಸಲಾಡು, ಕಡೆಗೆ ಸ್ಯಾಲರಿ ಕೂಡ. ಇದನ್ನು ಹೇಳದೆ ಅವನಿಂದ ಇರಲಾಗುತ್ತಿರಲಿಲ್ಲ.

"ಸಾರಿಗೆ ಉಪ್ಪು ಕಮ್ಮಿ ಆಗ್ಯಾದಲೋ" ಎಂದು ಬ್ಯಾಂಕಿನ ಗುಮಾಸ್ತನೊಬ್ಬ ಕೂಗಿದರೆ, "ಸರ್, ನಿಮ್ಮ ಸ್ಯಾಲರಿನೂ ಉಪ್ಪಿನಿಂದಾನ ಹುಟ್ಟೇದ" ಎನ್ನುತ್ತಿದ್ದ.

"ಅದಕ್ಕ ಅದೂ ಕಮ್ಮಿ ಐತಿ ಬಿಡು."

ಇಂಥವನಿಗೆ ಮಸ್ಕಿಯ ಒಂದು ವಸತಿ ಶಾಲೆಯಿಂದ ಕರೆ ಬಂತು. ಮುಖ್ಯೋಪಾಧ್ಯಾಯಿನಿ ಶಾಹೀಸ್ತಾ ಮೇಡಂ ಫೋನಿನಲ್ಲಿ ಹೇಳಿದ್ದಿಷ್ಟೇ: "ಗುರುವಾರ ಮಧ್ಯಾಹ್ನ ಊಟಕ್ಕ ಮೊದಲು ಬಂದು ಒಂದು ಕ್ಲಾಸು ತಗೊಂಡು ತೋರಸ್ರಿ. ಜಾಸ್ತಿ ಬ್ಯಾಡ. ಕಂಪ್ಯಾನಿಯನ್ ಅನ್ನೋದೊಂದ ಪದ. ಮಕ್ಕಳು ಸಾಯೋತನಕ ಮರೀಬಾರದು, ಹಂಗ ಕಲಸ್ಬೇಕು."

"ರೊಟ್ಟಿ ಇಟ್ಟು ಕಲಸ್ತೀನ್ರಿ ಮೇಡಂ. ಮಾತು ಕೊಟ್ಟೆ" ಎಂದ ಸಂಗನಬಸವ.

ಅಜ್ಜಿಯರ ಕತೆಗಳಿಗೆ ಒಂದು ನಿಯಮವಿದೆ. ರಾಜಕುಮಾರ ಮಾತು ಕೊಟ್ಟ ಕೆಲಸ ಮುಗಿಸುವ ತನಕ ಕತೆ ಕೇಳುವವರು ನಿದ್ದೆ ಹೋಗುವಂತಿಲ್ಲ. ಈ ಕತೆಗೂ ಅದೇ ನಿಯಮ.

ಗುರುವಾರ ಬೆಳಿಗ್ಗೆ ಬುಟ್ಟಿ ತಯಾರಾಯಿತು. ತಳಕ್ಕೆ ಸಜ್ಜೆ ರೊಟ್ಟಿ. ಅದರ ಮೇಲೆ ಉಪ್ಪಿನ ಬಟ್ಟಲು, ಹಾಲಿನ ಗಿಂಡಿ, ಒಂದು ಮುಷ್ಟಿ ಚನ್ನಂಗಿ ಬೇಳೆ, ಕೆಂಪಗಿನ ದಾಳಿಂಬೆ, ಬಿಸ್ಕತ್ತಿನ ಪೊಟ್ಟಣ. ಒಂದೊಂದೂ ಒಂದೊಂದು ಲ್ಯಾಟಿನ್ ಬೇರು. ಶೇಖರಮ್ಮ ಮಗನ ಕಣ್ಣು ತಪ್ಪಿಸಿ ಮೇಡಮ್ಮಿಗೆಂದು ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿಯನ್ನೂ ತುರುಕಿದಳು. ಊರ ಗಡಿ ದಾಟುವ ಅಡುಗೆಗೆ ದೃಷ್ಟಿಯಾಗಬಾರದೆಂದು ಒಂದು ಇದ್ದಿಲ ಚೂರು, ಬೇವಿನ ಎಲೆ ಇಟ್ಟಳು. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಹೊದಿಸಲು ಬಟ್ಟೆ ಹುಡುಕಿದಳು. ಖಾನಾವಳಿಯ ಬಟ್ಟೆಗಳೆಲ್ಲ ಅರಿಶಿನ, ಎಣ್ಣೆ, ಸಾರಿನ ನಕ್ಷೆಗಳು. ಟ್ರಂಕಿನಲ್ಲಿ ಕೈ ಹಾಕಿದಾಗ ಸಿಕ್ಕಿದ್ದು ಮಡಿಕೆ ಬಿಚ್ಚದ ಒಂದು ಹೊಸ ಹಸಿರು ಖಣ.

"ಯವ್ವಾ, ಕುಬಸದ ಬಟ್ಟಿ ಯಾಕ?"

"ಸ್ವಚ್ಛ ಐತಿ, ಹೊಂಟಾಗ ಹಸರು ಶುಭ. ಸುಮ್ಮ ನಡಿ, ಬಸ್ಸು ಹೋಗತೈತಿ."

ಆದದ್ದಕ್ಕೆಲ್ಲ ಈ ಒಂದು ಗೇಣಿನ ಹಸಿರೇ ಕಾರಣ.

ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರಿನ ಬಸ್ಸು ಕಾಳಿನ ಚೀಲದಂತೆ ತುಂಬಿತ್ತು. ಸಂಗನಬಸವ ಬುಟ್ಟಿಯನ್ನು ತಲೆಗಿಂತ ಎತ್ತರ ಹಿಡಿದು ಒಂದೇ ಕಾಲಿನ ಮೇಲೆ ನಿಂತ, ಗದ್ದೆಯಲ್ಲಿ ನಿಂತ ಕೊಕ್ಕರೆಯ ಹಾಗೆ. ಆಗ ನಡೆಯಬಾರದ್ದು ನಡೆಯಿತು: ಕಂಡಕ್ಟರು ಒಬ್ಬ ದಢೂತಿ ವ್ಯಾಪಾರಿಯನ್ನು ಎಬ್ಬಿಸಿ ಇವನಿಗೆ ಸೀಟು ಕೊಟ್ಟ.

"ಬುಟ್ಟಿ ಅಳ್ಳಾಡಬಾರದ್ರೀ ಯಜಮಾನ್ರ. ಕೂಡ್ರಿ, ಕೂಡ್ರಿ."

ಪಕ್ಕದಲ್ಲಿ ಚಾಳೀಸು ಹಾಕಿಕೊಂಡ ಒಬ್ಬ ಮುದುಕಿ ಕುಳಿತಿದ್ದಳು. ಹೆಸರು ಶಿವಲಿಂಗಮ್ಮ. ಅವಳು ಹಸಿರು ಖಣವನ್ನು ನೋಡಿದಳು, ಇದ್ದಿಲು ಬೇವನ್ನು ನೋಡಿದಳು, ಹುಡುಗನ ಮುಖ ನೋಡಿದಳು.

"ನೀ ಮಸ್ಕಿ ಆದಮ್ಮನ ಸೊಸಿ ತಮ್ಮ ಅಲ್ಲೇನು? ವಿಜಯಶ್ರೀ ತಮ್ಮ? ಲಗ್ನದಾಗ ಪಾಯಸ ಬಡಸಾಕತ್ತಿದ್ದಿ. ನಂದೂ ಅದ ಓಣಿ."

"ಹೌದ್ರೀ ಅಜ್ಜಿ."

"ಅಕ್ಕನ ಮನಿಗೆ ಹೊಂಟೀಯೇನು?"

"ಇಲ್ರೀ, ಶಾಲಿಗೆ."

ಶಿವಲಿಂಗಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಹೌದೌದು, ಶಾಲಿಗೆ. ಹಂಗ ಹೇಳಬೇಕು."

ನಮ್ಮ ಕಡೆ ಬಸುರಿ ಮಗಳಿಗೆ ಮೂರು ತಿಂಗಳಾದಾಗ ತವರಿನವರು ಸದ್ದಿಲ್ಲದೆ ಒಂದು ಹಸಿರು ಖಣ, ನಾಲ್ಕು ತರದ ತಿನಿಸು ತಂದುಕೊಡುತ್ತಾರೆ. ಕಳ್ಳತನದಲ್ಲಿ ತರುವುದರಿಂದ ಅದಕ್ಕೆ ಕಳ್ಳ ಕುಬಸ ಎಂದೇ ಹೆಸರು. ತಂದವರನ್ನು ಕೇಳಿದರೆ ಅವರು ಅಲ್ಲ ಎನ್ನಬೇಕು, ಕೇಳಿದವರು ಹೌದೆಂದು ತಿಳಿಯಬೇಕು. ಸಂಗನಬಸವನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ತಲೆಯ ತುಂಬ ಲ್ಯಾಟಿನ್ ಇದ್ದುದರಿಂದ ಬುಟ್ಟಿಯ ಮೇಲೆ ಏನಿದೆ ಎಂಬುದನ್ನು ಮರೆತೇ ಬಿಟ್ಟಿದ್ದ. ನೆನಪಾದ ಕೂಡಲೇ ಶಿವಲಿಂಗಮ್ಮನ ಕಡೆ ತಿರುಗಿದ.

"ಅಜ್ಜಿ, ನೀವು ತಿಳಕೊಂಡಂಗ ಅಲ್ರೀ ಇದು. ಖರೇನ ಅಲ್ಲ."

"ಖರೇನ ಅಲ್ಲ" ಎಂದು ಹಿಂದಿನ ಸೀಟಿನವಳು ಮುಂದಿನ ಸೀಟಿನವಳಿಗೆ ಹೇಳಿದಳು. ಇಬ್ಬರೂ ನಕ್ಕರು.

"ಬೇಕಾದ್ರ ನೋಡ್ರಿ" ಎಂದು ಖಣದ ತುದಿ ಎತ್ತಿದ. ಅದು ಅವನ ಎರಡನೆಯ ತಪ್ಪು. ಅರ್ಧ ಬಸ್ಸು ಬುಟ್ಟಿಯೊಳಕ್ಕೆ ಬಗ್ಗಿತು.

"ಹಸೀ ಬ್ಯಾಳಿ ಯಾಕಿಟ್ಟಾರ?"

"ಅದು ಪಾಠಕ್ರೀ. ಈ ಬ್ಯಾಳಿಗೆ ಲ್ಯಾಟಿನ್‌ದಾಗ ಲೆನ್ಸ್ ಅಂತಾರ. ಬ್ಯಾಳಿ ಆಕಾರ ಇರೋದಕ್ಕ ನಿಮ್ಮ ಚಾಳೀಸಿನ ಗ್ಲಾಸಿಗೂ ಲೆನ್ಸ್ ಅಂತ ಹೆಸರು ಬಂತು."

ಶಿವಲಿಂಗಮ್ಮ ಚಾಳೀಸು ತೆಗೆದು, ತಿರುವಿ, ಬೆಳಕಿಗೆ ಹಿಡಿದು ನೋಡಿದಳು. "ಇದರಾಗ ಬ್ಯಾಳಿ ಇಲ್ಲಪಾ. ನಾ ಚಲೋ ಅಂಗಡ್ಯಾಗ ಕೊಂಡೀನಿ."

"ಪಾಪ, ಮಾಮಾ ಆಗೋ ಖುಷಿಯಾಗ ಏನೇನೋ ಮಾತಾಡಾಕತ್ಯಾನ" ಎಂದ ಕಂಡಕ್ಟರು.

ಬಸ್ಸು ಕಾಲುವೆ ದಾಟಿತು, ಭತ್ತದ ಹಸಿರು ದಾಟಿತು, ಕಲ್ಲುಗುಡ್ಡಗಳು ಕಾಣತೊಡಗಿದವು. ದಾಳಿಂಬೆಯ ಕಾಳಿಗೂ ಆ ಗುಡ್ಡದ ಗ್ರಾನೈಟ್ ಕಲ್ಲಿಗೂ ಒಂದೇ ಬೇರು, ಗ್ರಾನುಂ, ಅಂದರೆ ಕಾಳು, ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಶಿವಲಿಂಗಮ್ಮ ಫೋನು ಕಿವಿಗೆ ಒತ್ತಿ ಗುಟ್ಟಿನ ದನಿಯಲ್ಲಿ, ಅಂದರೆ ಡ್ರೈವರಿಗೂ ಕೇಳುವಂತೆ, ಹೇಳುತ್ತಿದ್ದಳು: "ಆದಮ್ಮಾ, ನಾ ಏನೂ ಹೇಳಂಗಿಲ್ಲವ್ವಾ. ಬಸ್‌ಸ್ಟ್ಯಾಂಡಿಗೆ ತಂಬಿಗಿ ನೀರು ತಗೊಂಡು ಬಾ ಅಷ್ಟ."

ಮಸ್ಕಿಯಲ್ಲಿ ಇಳಿದರೆ ಅಕ್ಕನ ಅತ್ತೆ ಆದಮ್ಮ ನಿಂತಿದ್ದಳು. ಹಿಂದೆ ಓಣಿಯ ಹೆಂಗಸರು, ಸ್ವಯಂವರಕ್ಕೆ ಬಂದ ಸೈನ್ಯದಂತೆ. ಸಂಗನಬಸವನ ಕಾಲಿಗೆ ನೀರು ಬಿತ್ತು, ಹಣೆಗೆ ಕುಂಕುಮ ಬಿತ್ತು, ಕೈಯಿಂದ ಬುಟ್ಟಿ ಹೋಯಿತು.

"ಅತ್ತೀ, ನನಗ ಶಾಲಿಗೆ ಹೊತ್ತಾಗತೈತಿ. ಅದು ಶಾಲೀ ಬುಟ್ಟಿ."

"ನಿಮ್ಮವ್ವ ಶಾಣ್ಯಾಕಿ" ಎಂದು ಆದಮ್ಮ ಕಣ್ಣೊರೆಸಿಕೊಂಡಳು. "ಒಂದು ಮಾತು ಬಾಯಿ ಬಿಡದ ಕಳಿಸ್ಯಾಳ ನೋಡು. ಪದ್ಧತಿ ಅಂದ್ರ ಹಿಂಗಿರಬೇಕು. ನನ್ನ ಸೊಸಿನೂ ಹುಳಿ ಹುಣಸಿಕಾಯಿ ತಿಂತಿದ್ಲು, ಕೇಳಿದ್ರ ಪಿತ್ತ ಅಂತಿದ್ಲು. ನನಗ ಡೌಟು ಇತ್ತು."

ಅಲ್ಲಿಂದ ಓಣಿಯ ತನಕ ಬುಟ್ಟಿ ಮುಂದೆ, ಸೈನ್ಯ ನಡುವೆ, ಸಂಗನಬಸವ ಹಿಂದೆ. ದಾರಿಯಲ್ಲಿ ಅವನು ಧೈರ್ಯ ಕೂಡಿಸಿಕೊಂಡ. ಮನೆ ಮುಟ್ಟಿದ ಕೂಡಲೇ ಅಕ್ಕನ ಬಾಯಿಂದಲೇ ಇಲ್ಲ ಎನ್ನಿಸಿದರೆ ಮುಗಿಯಿತು. ರೊಟ್ಟಿ ವಾಪಸು, ನೌಕರಿ ಕೈಯಲ್ಲಿ.

ಹೊಸ್ತಿಲು ದಾಟುತ್ತಿದ್ದಂತೆ ವಿಜಯಶ್ರೀ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದಳು. ಅವಳ ಮುಖ ಕೆಂಪಗಾಗಿತ್ತು.

"ಲೇ ಸಂಗ್ಯಾ, ನಿನಗ ಯಾರ್ ಹೇಳಿದ್ರಲೇ?"

"ಏನು?"

"ನಿಮ್ಮ ಮಾವನ್ನ ಬಿಟ್ಟು ಒಬ್ರಿಗೂ ಹೇಳಿದ್ದಿಲ್ಲ. ಮೂರು ತುಂಬಲಿ ಅಂತ ಬಾಯಿ ಕಟಗೊಂಡು ಕುಂತಿದ್ದೆ. ಅವ್ವಗ ಏನರ ಕನಸು ಬಿದ್ದಿತ್ತೇನು? ಹಸರು ಖಣ ಬ್ಯಾರೆ ಕಳಿಸ್ಯಾಳ!"

ಅಕ್ಕ ಅಳುತ್ತಿದ್ದಳು, ನಗುತ್ತಿದ್ದಳು, ಅವನ ಅಂಗಿಯ ತೋಳಿಗೆ ಮೂಗು ಒರೆಸುತ್ತಿದ್ದಳು. ಇವಳಿಗೆ ಹೇಗೆ ಹೇಳುವುದು, ಆ ಬುಟ್ಟಿ ನಿನಗಲ್ಲ, ಆರನೇ ಇಯತ್ತೆಯ ಮಕ್ಕಳಿಗೆ ಎಂದು?

"ಹೂಂ" ಎಂದ. "ಅವ್ವಗ ಕನಸು ಬಿದ್ದಿತ್ತು."

ಆಮೇಲೆ ಮೆಲ್ಲಗೆ, "ಅಕ್ಕಾ, ಅದರಾಗ ಒಂದ ಒಂದು ರೊಟ್ಟಿ ನನಗ ಕೊಡು" ಎಂದ.

ಇಬ್ಬರೂ ಹೊರಗೆ ಬಂದು ನೋಡಿದರು. ತವರಿನ ತಿನಿಸು ಬಂದರೆ ಓಣಿಗೆಲ್ಲ ಹಂಚಬೇಕು, ಒಂದು ಚೂರೂ ಹಿಂದಕ್ಕೆ ಹೋಗಬಾರದು. ಆದಮ್ಮ ಪದ್ಧತಿ ತಪ್ಪುವವಳಲ್ಲ. ರೊಟ್ಟಿ ಚೂರು ಚೂರಾಗಿ ಕೈ ಕೈ ಸೇರಿತ್ತು. ದಾಳಿಂಬೆ ಒಡೆದಿತ್ತು. ಹಾಲು ಯಾರದೋ ಚಹಾಕ್ಕೆ ಹೋಗಿತ್ತು. ಹಲ್ಲಿಲ್ಲದ ಶಿವಲಿಂಗಮ್ಮ ಬಿಸ್ಕತ್ತನ್ನು ಅದೇ ಚಹಾದಲ್ಲಿ ಅದ್ದುತ್ತಿದ್ದಳು. ಬಿಸ್ ಎಂದರೆ ಎರಡು ಸಲ, ಕೋಕ್ಟುಸ್ ಎಂದರೆ ಬೇಯಿಸಿದ್ದು, ಎಂದು ಅವನ ಮನಸ್ಸು ತಾನೇ ತಾನಾಗಿ ಹೇಳಿಕೊಂಡಿತು. ನೆಕ್ಕಲು ಸಹ ಲ್ಯಾಟಿನ್ ಉಳಿದಿರಲಿಲ್ಲ.

"ಅತ್ತೀ, ಮನಿಯಾಗ ಒಂದು ರೊಟ್ಟಿ?"

"ಇಂಥಾ ದಿನ ರೊಟ್ಟಿ ಯಾಕೋ? ಹೂರಣಕ್ಕ ಬ್ಯಾಳಿ ಇಟ್ಟೀವಿ, ಹೋಳಿಗಿ ಉಂಡು ಹೋಗು."

ಕಟ್ಟೆಯ ಮೇಲೆ ಕುಳಿತು ಹೂರಣದ ಬೆಲ್ಲ ಕುಟ್ಟುತ್ತಿದ್ದ, ಓಣಿಯವರೆಲ್ಲ ಮೆಹಬೂಬ್‌ಬೀ ಎನ್ನುತ್ತಿದ್ದ ಹೆಂಗಸು ಅವನಿಗೆ ಲಟಿಕೆ ಮುರಿದು ದೃಷ್ಟಿ ತೆಗೆದಳು. "ಅರೇ ಬೇಟಾ, ನಾನೂ ಕೆಲಸಕ್ಕ ಹೊಂಟಾಕಿ ಇಲ್ಲೇ ಕುಂತ್ಬಿಟ್ಟೆ. ಇಂಥಾ ಖುಷಿ ಬಿಟ್ಟು ಹೆಂಗ್ ಹೋಗ್ಲಿ? ನನ್ನ ಮೊಣಕಾಲಿಗೂ ಒಂದು ದಿನ ರಜಾ."

ಅವಳಿಗೆ ಯಾವ ಕೆಲಸ ಎಂದು ಕೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಬುಟ್ಟಿಯನ್ನು ಖಾಲಿ ಕಳಿಸಬಾರದು ಎಂದು ಆದಮ್ಮ ಅದರಲ್ಲಿ ಏನೇನೋ ತುಂಬಿ, ಕೆಂಪು ಟವೆಲಿನಿಂದ ಬಿಗಿದು, "ಮನಿ ಮುಟ್ಟೋತನಕ ಬಿಚ್ಚಬ್ಯಾಡ" ಎಂದು ಕೈಗಿತ್ತಳು. ಸಂಗನಬಸವ ಗುಡ್ಡದ ಬುಡದ ಶಾಲೆಯ ಕಡೆಗೆ, ಹಣೆತುಂಬ ಕುಂಕುಮ ಹೊತ್ತು, ಓಡಿದ.

ಶಾಹೀಸ್ತಾ ಮೇಡಂ ಗಡಿಯಾರ ನೋಡಿದರು, ಕುಂಕುಮ ನೋಡಿದರು, ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತರು. ಮಕ್ಕಳ ಕಣ್ಣೆಲ್ಲ ಬುಟ್ಟಿಯ ಮೇಲೆ. ಮುಂದಿನ ಸಾಲಿನ ಐಶ್ವರ್ಯ ಎಂಬ ಹುಡುಗಿ ಮೂಗು ಮುಂದೆ ಚಾಚಿ ವಾಸನೆ ಹಿಡಿಯುತ್ತಿದ್ದಳು.

"ಮಕ್ಕಳ, ಇವತ್ತು ತಿನ್ನೋ ಪದಾರ್ಥದಿಂದ ಇಂಗ್ಲಿಷು ಕಲಿಯೋಣ. ಎಲ್ಲಾದಕ್ಕೂ ಲ್ಯಾಟಿನ್ ಬೇರು ಐತಿ" ಎಂದು ಟವೆಲು ಬಿಚ್ಚಿದ. ಬಾಳೆಹಣ್ಣು, ಕೊಬ್ಬರಿ ಬಟ್ಟಲು, ಎಲೆ, ಅಡಿಕೆ.

"ಸರ್, ಬನಾನಾದ ಬೇರು ಯಾವುದ್ರಿ?" ಎಂದಳು ಐಶ್ವರ್ಯ.

"ಅದು... ಆಫ್ರಿಕಾದ್ದು."

"ಕೋಕೋನಟ್ಟು?"

"ಪೋರ್ಚುಗೀಸರದು."

"ಅಡಿಕಿ ಸರ್?"

"ಅದು ನಮ್ಮ ದಕ್ಷಿಣದ ಕಡಿಂದಾನ ಇಂಗ್ಲಿಷಿಗೆ ಹೋಗ್ಯಾದ."

"ಎಲಿ?"

"ಅದೂ ಅಡಿಕಿ ಜೋಡಿನ ಹೋಗ್ಯಾದ."

ಮಕ್ಕಳು ಕಿಸಿಕಿಸಿ ನಕ್ಕರು. ಹಿಂದಿನಿಂದ ಮೇಡಂ ದನಿ ಬಂತು. "ಮಾಸ್ತರ, ಲ್ಯಾಟಿನ್ ಎಲ್ಲೈತಿ?"

"ನಮ್ಮಕ್ಕನ ಮನಿಯಾಗ ಉಳೀತ್ರಿ, ಮೇಡಂ."

"ಕಂಪ್ಯಾನಿಯನ್?"

"ಅದಕ್ಕ ರೊಟ್ಟಿ ಬೇಕ್ರಿ. ಮಾತು ಕೊಟ್ಟೀನಿ, ರೊಟ್ಟಿ ಇಲ್ಲದ ಹೇಳಿದ್ರ ಮಕ್ಕಳು ಮರೀತಾರ."

ಮೇಡಂ ಎದ್ದು ನಿಂತರು. ಆ ಏಳುವಿಕೆಯಲ್ಲಿಯೇ ಅವನ ನೌಕರಿ ಹೋದದ್ದು ಸ್ಪಷ್ಟವಾಗಿತ್ತು. ಅದೇ ಹೊತ್ತಿಗೆ ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದರು, ಓಡಿದಷ್ಟೇ ವೇಗದಲ್ಲಿ ತಿರುಗಿ ಬಂದರು.

"ಮೇಡಂ, ಅಡಿಗಿ ಮನ್ಯಾಗ ರೊಟ್ಟಿನ ಇಲ್ರೀ! ಒಲಿ ಆರೇತ್ರಿ! ಬರೇ ಮುಂಜಾನಿ ಪಲ್ಯ ಐತ್ರಿ!"

"ಮೆಹಬೂಬ್‌ಬೀ ಎಲ್ಲಿ?" ಎಂದು ಮೇಡಂ ಗಾಬರಿಯಾದರು. "ಒಂದು ದಿನ ತಪ್ಪಸ್ದಾಕಿ ಅಲ್ಲ ಆಕಿ!"

ಮೆಹಬೂಬ್‌ಬೀ ಎಲ್ಲಿದ್ದಾಳೆ, ಏನು ಕುಟ್ಟುತ್ತಿದ್ದಾಳೆ, ಯಾರ ಬುಟ್ಟಿಯಿಂದಾಗಿ ಕುಟ್ಟುತ್ತಿದ್ದಾಳೆ ಎಂಬುದು ಆ ಶಾಲೆಯಲ್ಲಿ ಸಂಗನಬಸವನೊಬ್ಬನಿಗೇ ಗೊತ್ತು. ಮಕ್ಕಳು ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡು ಅವನನ್ನೇ ನೋಡುತ್ತಿದ್ದರು. ಅವನ ಕೈಯಲ್ಲಿ ಬಾಳೆಹಣ್ಣಿತ್ತಲ್ಲ.

ಬಾಳೆಹಣ್ಣು ಹಂಚಿದ. ಅದು ಹಲ್ಲಿಗೂ ತಾಗಲಿಲ್ಲ. ಅಂಗಿಯ ತೋಳು ಮೇಲೇರಿಸಿದ.

"ಮೇಡಂ, ಹಿಟ್ಟಿನ ಡಬ್ಬಿ ಎಲ್ಲೈತ್ರಿ?"

ಗಿಳಿಯ ಪಂಜರದ ಬಾಗಿಲು ತೆರೆದ ಹಾಗಾಯಿತು. ಒಲೆ ಹೊತ್ತಿತು, ನೀರು ಕುದಿಯಿತು, ಹಿಟ್ಟು ಹದವಾಯಿತು. ಚಪ್ ಚಪ್ ಚಪ್ ಎಂದು ಅವನ ಅಂಗೈ ಆಡತೊಡಗಿದರೆ ಕಿಟಕಿಯ ಹೊರಗೆ ಮಕ್ಕಳು ತಟ್ಟೆ ಬಡಿದು ತಾಳ ಹಾಕಿದರು. ಹಂಚಿನ ಮೇಲೆ ರೊಟ್ಟಿ ಉಬ್ಬಿತು, ತಿರುಗಿತು, ಹಾರಿತು. ಸಾಲು ಸಾಲು ಚಂದ್ರರು ತಟ್ಟೆಗಳಲ್ಲಿ ಇಳಿದರು. ಮೇಡಂ ಬಾಗಿಲಲ್ಲಿ ನಿಂತು ಒಂದು ರೊಟ್ಟಿ ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

"ಬೇಟಾ! ನೀ ಇಲ್ಲಿ?"

ಮೆಹಬೂಬ್‌ಬೀ ಕುಂಟುತ್ತ ಬಂದು ನಿಂತಿದ್ದಳು. ಸೆರಗಿನ ತುದಿಯಲ್ಲಿ ಹೋಳಿಗೆ ಗಂಟು. ಅವಳೂ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು, ಆ ಕಡೆಯ ಗುಡ್ಡ ಕಂಡೀತೇನೋ ಎನ್ನುವಂತೆ ನೋಡಿದಳು. ಆಮೇಲೆ ಮೇಡಂ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ತಲೆಯಾಡಿಸಿದರು.

ಕಡೆಯ ರೊಟ್ಟಿ ಬೇಯುವ ಹೊತ್ತಿಗೆ ಶಾಹೀಸ್ತಾ ಮೇಡಂ ಮುಂದೆ ಬಂದರು. ಬೆಳಗಿನಿಂದ ಮೊದಲ ಸಲ ನಕ್ಕರು.

"ನಿಮ್ಮನ್ನ ತಗೊಂಡೀವಿ. ನಾಳಿಂದ ಬರ್ರಿ."

ಕರಿಹಲಗೆ, ಸುಣ್ಣದ ಕಡ್ಡಿ, ಮುಂದೆ ಕೂತ ಮಕ್ಕಳು! ಸಂಗನಬಸವ ಹಿಟ್ಟಿನ ಕೈಯಲ್ಲಿಯೇ ಕೈ ಮುಗಿದ. ಮೇಡಂ ಅವನ ಅಂಗೈಯಲ್ಲಿ ಒಂದು ಕೀಲಿಕೈ ಇಟ್ಟರು, ಗೇಣುದ್ದದ ಕಬ್ಬಿಣದ್ದು.

"ಕ್ಲಾಸಿನ ಕೀಲಿ ಇಷ್ಟು ದೊಡ್ಡದಿರತೈತೇನ್ರಿ?"

"ಕ್ಲಾಸಿಂದಲ್ಲರೀ. ಅಡಿಗಿ ಮನೀದು. ಇಂಗ್ಲಿಷ್ ಕಲಸೋರ ಅರ್ಜಿ ನನ್ನ ಟೇಬಲ್ ಮ್ಯಾಲೆ ಕಣದಾಗಿನ ರಾಶಿ ಆಗ್ಯಾವ. ಹಿಂಗ ರೊಟ್ಟಿ ಬಡಿಯೋರು ಲಿಂಗಸುಗೂರು ಸುತ್ತಿದ್ರೂ ಸಿಗಂಗಿಲ್ಲ."

"ನನ್ನ ಮೊಣಕಾಲು ನಿನಗ ದುವಾ ಮಾಡತಾವ ಬೇಟಾ" ಎಂದಳು ಮೆಹಬೂಬ್‌ಬೀ, ಆಗಲೇ ಮಣೆಯ ಮೇಲೆ ಕಾಲು ಚಾಚಿ. "ನಾ ಎಷ್ಟು ವರ್ಷದಿಂದ ಬಿಡಸ್ರಿ ಅನ್ನಾಕತ್ತಿದ್ದೆ."

ರಾಜ್ಯ ಬೇಡವೆಂದು ಓಡಿ ಬಂದ ರಾಜಕುಮಾರನಿಗೆ ಇನ್ನೂ ದೊಡ್ಡ ರಾಜ್ಯ ಸಿಕ್ಕಿತ್ತು, ಇನ್ನೂ ದೊಡ್ಡ ಹಂಚಿನ ಸಮೇತ. ಅವನು ಕೀಲಿಯನ್ನು ನೋಡಿದ. ಅಳಬೇಕೆನ್ನಿಸಿತು. ಆದರೆ ಹೊಟ್ಟೆ ಹಸಿದಿತ್ತು, ಬೆಳಗಿನಿಂದ ಅವನ ಬಾಯಿಗೆ ಏನೂ ಬಿದ್ದಿರಲಿಲ್ಲ. ಕಡೆಯ ರೊಟ್ಟಿಯನ್ನು ತಟ್ಟೆಗೆ ಹಾಕಿಕೊಂಡು ಮಕ್ಕಳ ಪಂಕ್ತಿಯ ತುದಿಯಲ್ಲಿ ಹೋಗಿ ಕುಳಿತ.

ಪಕ್ಕದಲ್ಲಿ ಐಶ್ವರ್ಯ. ಅವಳ ತಟ್ಟೆ ಖಾಲಿಯಾಗಿತ್ತು, ಕಣ್ಣು ಅವನ ತಟ್ಟೆಯಲ್ಲಿತ್ತು.

"ಸರ್, ಅದೇನೋ ಪದ ಹೇಳ್ತೀನಿ ಅಂದಿದ್ರಿ. ಹೇಳಲೇ ಇಲ್ಲ."

ಸಂಗನಬಸವ ರೊಟ್ಟಿಯನ್ನು ನಡುವೆ ಮುರಿದ. ಅರ್ಧ ಅವಳ ತಟ್ಟೆಗೆ ಹಾಕಿದ, ಅರ್ಧ ತಾನು ಹಿಡಿದ.

"ಲ್ಯಾಟಿನ್‌ದಾಗ ಕುಂ ಅಂದ್ರ ಕೂಡಿ. ಪಾನಿಸ್ ಅಂದ್ರ ರೊಟ್ಟಿ. ಒಂದ ರೊಟ್ಟಿ ಕೂಡಿ ತಿನ್ನೋರಿಗೆ ಒಂದು ಹೆಸರೈತಿ. ಈಗ ಹೇಳು, ನಾ ನಿನಗ ಏನಾದೆ?"

"ಅಡಿಗಿ ಭಟ್ಟ!" ಎಂದು ಪಂಕ್ತಿಯ ಆ ತುದಿಯಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವನೂ ನಕ್ಕ.

ಐಶ್ವರ್ಯ ಮಾತ್ರ ನಗಲಿಲ್ಲ. ರೊಟ್ಟಿ ತುಂಬಿದ ಬಾಯಿಯಲ್ಲಿ, ಪಲ್ಯ ಹತ್ತಿದ ಗಲ್ಲದಲ್ಲಿ, ಎಂದೂ ಮರೆಯಲಾರದವಳಂತೆ ನಿಧಾನಕ್ಕೆ ಹೇಳಿದಳು:

"ಕಂಪ್ಯಾನಿಯನ್."